ಚಮಚದಲ್ಲಿ ನೀರು

ತಮ್ಮ ರಾಂಗೆಲ್‌ಗೆ,

ನೀನು ವ್ಯಾನ್ ನಿಲ್ಲಿಸಿ ಬಾಟಲಿ ತುಂಬಿಸಿಕೊಳ್ಳಲು ನಮ್ಮ ಮನೆಯೆದುರಿನ ಚಿಲುಮೆಗೆ ಬಂದೇ ಬರುತ್ತೀಯೆಂದು ಈ ಪತ್ರವನ್ನು ಅಲ್ಲೇ ಕಲ್ಲಿನಡಿ ಇಟ್ಟಿದ್ದೇನೆ. ಮುಟ್ಟಲು ಹೆದರಬೇಡ. ರಾಕಿಯಾ ಸಾರಾಯಿಯಲ್ಲಿ ಕೈ ತೊಳೆದುಕೊಂಡೇ ಬರೆದಿದ್ದೇನೆ.

ನಿನ್ನ ಸ್ತಾಮೆನ್ ಭಾವನಿಗೆ ಕೊರೋನಾ ಎಂದು ಗೊತ್ತಾದ ಮೇಲೆ ಉಳಿದ ರೋಗಿಗಳನ್ನಷ್ಟೇ ವ್ಯಾನಿನಲ್ಲಿ ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದೀಯ. ತಪ್ಪೆನ್ನಲಾರೆ, ನಿನ್ನ ಮನೆಯಲ್ಲಿ ಹಸುಗೂಸಿದೆ. ಆಸ್ಪತ್ರೆಗೆ ಫೋನ್ ಮಾಡಿದರೆ, "ಸೋಂಕಿನವರಿಗೆ ಬೇರೆ ಮೆಷಿನ್ ಇಟ್ಟಿದೀವಮ್ಮ, ಅವರನ್ನ ಕರ್ಕೊಂಡ್ಬರೋಕೆ ಬೇರೆ ವ್ಯಾನೇ ಇನ್ನೂ ಬಂದಿಲ್ಲ" ಅನ್ನುತ್ತಾರೆ. ಎರಡು ಸರದಿ ತಪ್ಪಿಹೋಯಿತು. ಕಾಲು ಊದಿ ಬೂಟು ಹಿಡಿಸುತ್ತಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆ.

ಜ್ವರ ಬಂದರೆ ಚೆನ್ನಾಗಿ ನೀರು ಕುಡಿಯಿರಿ ಎಂದು ಟೀವಿಯವರು ಹೇಳುತ್ತಾರೆ. ಮೆಷಿನ್ ಇಲ್ಲದೆ ಕುಡಿದರೆ ಇವರಿಗೆ ಅದು ಎದೆಗೇ ಏರುತ್ತದೆ, ನಿನಗೆ ಗೊತ್ತಲ್ಲ. ಅದಕ್ಕೇ ಚಮಚದಲ್ಲಿ ಕೊಡುತ್ತಿದ್ದೇನೆ. ಎದುರಿಗಿರುವುದು ತಮ್ಮ ತಂದೆಯ ಹೆಸರಿನಲ್ಲಿ ಇವರೇ ಕಲ್ಲು ಹೊತ್ತು ಕಟ್ಟಿದ ಚಿಲುಮೆ. ಕಿಟಕಿ ಮುಚ್ಚಿದರೂ ಅದರ ಸದ್ದು ಕೇಳುತ್ತದೆ. "ಊರಿಗೆಲ್ಲ ನೀರು ಕುಡಿಸ್ದೋನು ಕಣೇ ನಾನು. ನಂಗೆ ಚಮಚದಲ್ಲಿ ಅಳೀತೀಯಲ್ಲ, ಜಿಪುಣಿ!" ಎಂದು ನಿನ್ನೆ ನಕ್ಕರು. ಇವತ್ತು ನಗಲಿಲ್ಲ, ಸುಮ್ಮನೆ ಬಾಯಿ ತೆರೆದರು.

ಎಲ್ಲರನ್ನೂ ಮನೆಗೆ ಬಿಟ್ಟ ಮೇಲೆ ಬಾ. ಹಿಂದಿನ ಸೀಟು ಸಾಕು. ಕಿಟಕಿಗಳನ್ನೆಲ್ಲ ತೆರೆದಿಡು. ನಾನೇ ಹತ್ತಿಸಿ, ಇಳಿಸಿ, ಆಮೇಲೆ ವ್ಯಾನ್ ತೊಳೆದುಕೊಡುತ್ತೇನೆ. ಒಂದು ಸಲ ಹಾರನ್ ಹೊಡಿ, ಬಾಗಿಲಲ್ಲೇ ಇರುತ್ತೇವೆ.

ಕತ್ತಲಾಗುವವರೆಗೂ ಹಾರನ್ ಕೇಳಿಸದಿದ್ದರೆ ಬಿಂದಿಗೆ ತೆಗೆದುಕೊಂಡು ಚಿಲುಮೆಗೆ ಹೋಗುತ್ತೇನೆ. ಇವರು ಸಾಕೆನ್ನುವಷ್ಟು ಕುಡಿಸುತ್ತೇನೆ.

ನಿನ್ನ ಅಕ್ಕ,
ದೋನ್ಕಾ