ಮಷೀನು ಏನಂತೈತಿ

ಹಾದಿಮನಿ ಸಾಹೇಬರೇ,

ಸತ್ತವರಿಗೆ ಅಂಚೆ ಇಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಇವತ್ತು ಬೆಳಗಿನ ಪಾಳಿಯಲ್ಲಿ ಮಷೀನಿನ ಮೇಲೆ ಕಾಗದ ಮತ್ತೆ ಹರಿದು ತುಂಡಾಯಿತು. ಕಾಳಿ ನದಿಯ ಮಂಜೆಲ್ಲ ಮಿಲ್ಲಿನೊಳಗೇ ಬಂದು ನಿಂತಂತೆ ಹಬೆ ತುಂಬಿತ್ತು. ಅದರೊಳಗಿಂದ ಬಿಳಿ ಹಾಳೆ ಸದ್ದಿಲ್ಲದೆ ತೇಲಿ ಬಂದು ನಮ್ಮ ಕಾಲ ಬಳಿ ಮಡಿಕೆ ಮಡಿಕೆಯಾಗಿ ಬೀಳುತ್ತಲೇ ಇತ್ತು.

ಮೂರನೇ ರೋಲರ್ ನರಳುವುದು ಒಂದು ತಾಸಿನಿಂದ ನಮಗೆಲ್ಲ ಕೇಳಿಸುತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಹೊಸ ಮ್ಯಾನೇಜರ್ ಗಾಜಿನ ಕೋಣೆಯಿಂದ ಇಳಿದು ಬಂದ.

“ಒಬ್ರಿಗೂ ಗೊತ್ತಾಗ್ಲಿಲ್ಲೇನ್ರೀ?”

ಕಸ ಗುಡಿಸುವ ಶಂಕ್ರವ್ವ ಪೊರಕೆ ಊರಿ ನಿಂತಳು.

“ಗೊತ್ತಿತ್ರೀ. ಹೋದ ವಾರ ಹೇಳಾಕ ಬಂದ್ರ ‘ನಿನ್ನ ಕೆಲಸ ನೀ ನೋಡು’ ಅಂದ್ರಲ್ರೀ ನೀವು. ಹಾದಿಮನಿ ಸಾಹೇಬ್ರು ನಮಗೂ ಚಾ ಕೊಟ್ಟು ಜೋಡಿ ಕುಡೀತಾ ‘ಮಷೀನು ಏನಂತೈತಿ ಶಂಕ್ರವ್ವಾ?’ ಅಂತ ನನ್ನೂ ಕೇಳ್ತಿದ್ರು. ಅವ್ರಿದ್ದಾಗ ವಾರಕ್ಕೊಮ್ಮೆ ಹರೀತಿತ್ತು. ಈಗ ದಿನಾ ಹರೀತೈತಿ.”

ಎಲ್ಲರೂ ನನ್ನತ್ತ ನೋಡಿದರು. ನಾನು ಹಬೆಯತ್ತ ನೋಡಿದೆ.

ಚಾ ಕುಡಿಸಿ ಕೂಲಿಕಾರರ ಸಿಟ್ಟು ಕದಿಯುತ್ತೀರಿ ಎಂದು ಯೂನಿಯನ್ ಸಭೆಯಲ್ಲಿ ಭಾಷಣ ಮಾಡಿದವನು ನಾನು. ‘ಮಾಲೀಕರ ನಾಯಿ’ ಎಂದು ಗೇಟಿನ ಗೋಡೆಗೆ ಕೆಂಪು ಬಣ್ಣದಲ್ಲಿ ಬರೆದವನೂ, ನಿಮ್ಮ ಎತ್ತಂಗಡಿಯ ದಿನ ಗುಲಾಲು ಹಾರಿಸಿದವನೂ ನಾನೇ. ಮಾಲೀಕರ ಬಗ್ಗೆ ಅಂದ ಒಂದು ಮಾತನ್ನೂ ನಾನು ಇವತ್ತಿಗೂ ಹಿಂತೆಗೆಯುವುದಿಲ್ಲ.

ಪಾಳಿ ಮುಗಿದ ಮೇಲೆ ಸುಣ್ಣದ ಡಬ್ಬಿ ಹಿಡಿದು ಗೇಟಿಗೆ ಹೋದೆ. ನಿಮ್ಮ ಬಗ್ಗೆ ಬರೆದ ಅಕ್ಷರ ಮಳೆಗೆ ಎಂದೋ ತೊಳೆದುಹೋಗಿತ್ತು.

ಆದರೂ ಎರಡು ಸಲ ಬಳಿದೆ.