ಎಲೆಗೆ ಅಡ್ಡ ಬಂದ ಕೈ

ಕೆಸರೆ, ಮೈಸೂರು
9-2-2025, ಭಾನುವಾರ

ಸಿದ್ದು ಅಪ್ಪನವರಿಗೆ,

ನಮಸ್ಕಾರ. ಮೂರು ವರ್ಷ ಸುಮ್ಮನಿದ್ದು ಈಗ ಇವಳದೇನು ಕಾಗದ ಅಂದುಕೊಳ್ಳಬೇಡಿ. ಫೋನ್ ಮಾಡಿದರೆ ನಾಲ್ಕನೇ ಮಾತಿಗೆ ಜಗಳ ಶುರುವಾಗುತ್ತದೆ. ನನಗೀಗ ಜಗಳವಾಡುವ ತ್ರಾಣವಿಲ್ಲ. ನಿಮ್ಮ ಕೆಮ್ಮು ಜಾಸ್ತಿಯಾಗಿದೆ ಅಂತ ಸಿದ್ದು ಹೇಳಿದ. ವಿದ್ಯಾರಣ್ಯಪುರಂನಲ್ಲಿ ನಿಮ್ಮ ಅಣ್ಣನ ಮನೆಯಲ್ಲಿ ಹೇಳುವವರು ಕೇಳುವವರು ಯಾರಿದ್ದಾರೆ, ಬೀಡಿ ಬಿಟ್ಟಿರಲಾರಿರಿ. ಶುಂಠಿ, ಮೆಣಸು, ಜೀರಿಗೆ ಹುರಿದು ಕುಟ್ಟಿದ ಕಷಾಯದ ಪುಡಿಯನ್ನು ಈ ಕಾಗದದ ಜೊತೆಗೇ ಅವನ ಕೈಲಿ ಕಳಿಸಿದ್ದೇನೆ. ಚೂರು ಬೆಲ್ಲ ಹಾಕಿ ಕುದಿಸಿ ಕುಡಿಯಿರಿ.

ವಿಷಯ ಇಷ್ಟು. ಬರುವ ಗುರುವಾರ ನನಗೆ ಆಪರೇಷನ್. ತೂಕ ಇಳಿಸುವುದಕ್ಕೆ. ಮಂಡಿ ಸವೆದುಹೋಗಿದೆ, ಶುಗರ್ ಹೇಳಿದ ಮಾತು ಕೇಳುತ್ತಿಲ್ಲ. ಮೊದಲು ತೂಕ ಇಳಿಯಲಿ, ಮಂಡಿ ಆಮೇಲೆ ನೋಡೋಣ ಅಂದರು ಡಾಕ್ಟರು. ಹೊಟ್ಟೆಗೆ ನಾಲ್ಕೈದು ಸಣ್ಣ ತೂತು ಮಾಡಿ, ಊಟ ಇಳಿಯುವ ಚೀಲದಲ್ಲಿ ಮುಕ್ಕಾಲು ಭಾಗ ಕತ್ತರಿಸಿ ತೆಗೆಯುತ್ತಾರಂತೆ. ಉಳಿಯುವುದು ಒಂದು ಬಾಳೆಹಣ್ಣಿನಷ್ಟು. ಖರ್ಚಿನ ಮಾತಿಗೆ ಬರೆದಿಲ್ಲ, ಅದು ಸಿದ್ದು ಫ್ಯಾಕ್ಟರಿಯ ವಿಮೆಯಲ್ಲೇ ಆಗುತ್ತದೆ. ಹೋದ ತಿಂಗಳೇ ಆಗಬೇಕಿತ್ತು. ಆವತ್ತು ಬಿಪಿ ಏರಿ ಮುಂದಕ್ಕೆ ಹೋಯಿತು.

ನೀವೀಗ ಮೀಸೆಯಡಿ ನಗುತ್ತಿರುತ್ತೀರಿ, ಗೊತ್ತು. ನಕ್ಕುಬಿಡಿ. ನಿಮ್ಮ ಸೋದರಮಾವ ಹುಚ್ಚಯ್ಯನವರ ಮೊಮ್ಮಗಳ ಬೀಗರೂಟ ನೆನಪಿದೆಯಲ್ಲ. ನನ್ನ ಎಲೆಯಲ್ಲಿ ಇನ್ನೂ ಅರ್ಧ ಮುದ್ದೆ ಇತ್ತು. ಸಾರಿನವನು ಎರಡನೇ ಸಲ ಬಂದಾಗ ನೀವು ಪಕ್ಕದಿಂದ ಕೈ ಚಾಚಿ ನನ್ನ ಎಲೆಗೆ ಅಡ್ಡ ಹಿಡಿದು, ಸಾಕು ಬುಡಪ್ಪ ಅವಳಿಗೆ, ಅಂದಿರಿ. ಎದುರು ಸಾಲಿನವರೆಲ್ಲ ನಕ್ಕರು. ಸಾಕು ಅನ್ನುವುದು ಉಣ್ಣುವವರು ಆಡಬೇಕಾದ ಮಾತು. ನನ್ನ ಎಲೆಗೆ ನನ್ನ ಕೈಯೇ ಅಡ್ಡ ಬರಬೇಕಿತ್ತು. ಆವತ್ತು ಎಲೆ ಬಿಟ್ಟು ಎದ್ದವಳು ಮತ್ತೆ ನಿಮ್ಮ ಜೊತೆ ಕೂತು ಉಣ್ಣಲಿಲ್ಲ. ನೀವೂ ತಪ್ಪಾಯಿತು ಅನ್ನದೆ, ತಿಂಗಳು ತುಂಬುವುದರೊಳಗೆ ಬಟ್ಟೆ ಗಂಟು ಕಟ್ಟಿಕೊಂಡು ಅಣ್ಣನ ಮನೆ ಸೇರಿದಿರಿ. ಈಗ ನಾನಾಗಿಯೇ ಹೋಗಿ ಡಾಕ್ಟರ ಕೈಯನ್ನು ಎಲೆಗೆ ಅಡ್ಡ ಹಿಡಿಸಿಕೊಳ್ಳುತ್ತಿದ್ದೇನೆ. ಹಾಗಂತ ನೀವು ಮಾಡಿದ್ದು ಸರಿ ಅಂತ ಆಗುವುದಿಲ್ಲ.

ಆಪರೇಷನ್‌ಗೆ ಮೊದಲು ಎರಡು ವಾರ ಬರೀ ನೀರು ಪದಾರ್ಥ. ಲಿವರ್ ಸಣ್ಣದಾಗಬೇಕಂತೆ, ಇಲ್ಲದಿದ್ದರೆ ಡಾಕ್ಟರಿಗೆ ಕೈಯಾಡಿಸಲು ಜಾಗ ಸಿಗುವುದಿಲ್ಲವಂತೆ. ಬೇಳೆಕಟ್ಟು, ನೀರು ಮಜ್ಜಿಗೆ, ಸೀಮೆಸುಣ್ಣದ ರುಚಿಯ ಒಂದು ಪುಡಿ. ಹೋದ ಸಲವೂ ಇದೇ, ಈ ಸಲವೂ ಇದೇ. ಸ್ಕೂಲಿನ ಬಿಸಿಯೂಟದ ಕೆಲಸ ಮಾತ್ರ ಬಿಟ್ಟಿಲ್ಲ. ಸಾಂಬಾರನ್ನು ನಾಲಿಗೆಗೆ ಮುಟ್ಟಿಸಿ ಉಗುಳುತ್ತೇನೆ. ಬುಧವಾರ ಮನಸ್ಸು ಎಲ್ಲೋ ಇತ್ತು, ಉಪ್ಪು ಎರಡು ಸಲ ಬಿತ್ತು. ಮಕ್ಕಳು ಪಾಪ, ತುಟಿ ಎರಡು ಮಾಡದೆ ನೀರು ಕುಡಿದುಕೊಂಡು ಉಂಡವು. ಅದನ್ನು ನೋಡಿ ಪಾತ್ರೆ ತೊಳೆಯುವ ಕಡೆ ಹೋಗಿ ಅತ್ತೆ.

ಧೈರ್ಯ ಹೇಳುವವರಿಗೇನೂ ಕಮ್ಮಿಯಿಲ್ಲ. ಎದುರು ಮನೆಯ ನಯನಾ, ನೋಡಿದ್ರೆ ಭಯ ಹೋಯ್ತದೆ ಕಣಕ್ಕ, ಅಂತ ಮೊಬೈಲಿನಲ್ಲಿ ಇದೇ ಆಪರೇಷನ್ ತೋರಿಸಲು ಬಂದಳು. ಅರ್ಧಕ್ಕೇ ಅವಳಿಗೆ ತಲೆ ಸುತ್ತಿತು, ನಾನೇ ನೀರು ಕೊಟ್ಟು ಗಾಳಿ ಹಾಕಿದೆ. ಆಸ್ಪತ್ರೆಯವರು ಉಸಿರು ಎಳೆದು ಅಭ್ಯಾಸ ಮಾಡಲು ಒಂದು ಡಬ್ಬಿ ಕೊಟ್ಟಿದ್ದಾರೆ, ಒಳಗೆ ಮೂರು ಗುಂಡು. ಉಸಿರೆಳೆದರೆ ಮೂರೂ ಮೇಲೇಳಬೇಕು. ಎರಡು ಏಳುತ್ತವೆ. ಮೂರನೆಯದು ಎದ್ದಂತೆ ಮಾಡಿ, ಗುರುವಾರ ನೆನಪಾದ ಕೂಡಲೇ ಬಿದ್ದುಹೋಗುತ್ತದೆ. ಹೆದರಿಕೆಯಾದರೆ ಯಾರ ಹತ್ತಿರವಾದರೂ ಹೇಳಿಕೊಳ್ಳಿ ಅಂದರು ಅಲ್ಲಿಯ ಮೇಡಂ. ಯಾರ ಹತ್ತಿರ ಅಂತ ಅವರು ಹೇಳಲಿಲ್ಲ.

ಈಗ ಬರೆದ ಕಾರಣಕ್ಕೆ ಬರುತ್ತೇನೆ. ಇದು ನನಗಾಗಿ ಅಲ್ಲ, ಸಿದ್ದುಗಾಗಿ. ಆಪರೇಷನ್ ಮುಗಿಯುವವರೆಗೆ ಹೊರಗೆ ಬೆಂಚಿನ ಮೇಲೆ ಅವನೊಬ್ಬನೇ ಕೂರಬೇಕು. ಏನೂ ಆಗಲ್ಲ ಬುಡಮ್ಮ ಅಂತಾನೆ, ಆದರೆ ಒಳಗೊಳಗೇ ಹೆದರಿದ್ದಾನೆ. ಹೋದ ಸಲ ಅವನ ಮುಖ ಬಿಳಿಚಿಕೊಂಡಿತ್ತು. ಎಷ್ಟೇ ಬೆಳೆದರೂ ಮಗ ಮಗನೇ. ನೀವು ಅವನ ಪಕ್ಕ ಬಂದು ಕೂತರೆ ಸಾಕು. ನನ್ನನ್ನು ನೋಡಲು ಒಳಗೆ ಬರಬೇಕಾಗಿಲ್ಲ, ಮಾತಾಡಿಸಬೇಕಾಗಿಯೂ ಇಲ್ಲ. ಬೆಳಿಗ್ಗೆ ಬೇಗ ನನ್ನನ್ನು ಒಳಗೆ ಕರೆದುಕೊಂಡು ಹೋಗುತ್ತಾರೆ, ಅಷ್ಟರೊಳಗೆ ಬನ್ನಿ. ಆಸ್ಪತ್ರೆ ಎಲ್ಲಿ ಅಂತ ಸಿದ್ದು ಹೇಳುತ್ತಾನೆ. ತಿಂಡಿ ತಿಂದುಕೊಂಡೇ ಬನ್ನಿ, ಹೊತ್ತು ಹಿಡಿಯುತ್ತದಂತೆ. ಆಗುವುದಿಲ್ಲ ಅಂದರೆ ಅವನ ಹತ್ತಿರ ಹೇಳಿ ಕಳಿಸಿ, ನನಗೇನೂ ಬೇಜಾರಿಲ್ಲ. ಬೇಜಾರು ಮಾಡಿಕೊಳ್ಳುವಷ್ಟು ಶಕ್ತಿಯೂ ಈ ಬೇಳೆಕಟ್ಟಿನಲ್ಲಿ ಬರುವುದಿಲ್ಲ.

ಇಂತಿ,
ಪುಟ್ಟಮಾದಮ್ಮ

ವಿ.ಸೂ.: ಗೋಂದು ಹಚ್ಚುವ ಮೊದಲು ಇನ್ನೊಂದು ಸಲ ಓದಿಕೊಂಡೆ. ಸಿದ್ದು ಮೇಲೆ ಸುಳ್ಳು ಹೊರಿಸಿದ್ದೇನೆ. ಅವನಿಗೆ ಯಾವ ಹೆದರಿಕೆಯೂ ಇಲ್ಲ. ಹೋದ ಸಲ ಆರಾಮಾಗಿ ಬೆಂಚಿನ ಮೇಲೆ ಕೂತು ಇಡ್ಲಿ ತಿನ್ನುತ್ತಿದ್ದ. ಬಿಪಿಯೂ ಏರಿರಲಿಲ್ಲ. ಗೌನು ಹಾಕಿಸಿ, ಕೈಗೆ ಸೂಜಿ ಚುಚ್ಚಿ, ಒಳಗೆ ಮಲಗಿಸಿದ ಮೇಲೆ ನಾನೇ ಎದ್ದು ಕೂತು, ಇವತ್ತು ಬೇಡ ಅಂದೆ. ಬಿಪಿ ಅಂತ ಅವನಿಗೆ ಹೇಳಿದವಳೂ ನಾನೇ. ಇನ್ನೊಂದು ಸಲ ಹಾಗೆ ಎದ್ದು ಬಂದರೆ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ, ನನ್ನ ಬುದ್ಧಿ ನನಗೆ ಗೊತ್ತು. ಈ ಕಾಗದ ಅವನಿಗೆ ತೋರಿಸಬೇಡಿ.

ಅವನು ಹುಟ್ಟುವಾಗ ದೊಡ್ಡಾಸ್ಪತ್ರೆಯಲ್ಲಿ ಹೊಟ್ಟೆ ಕುಯ್ದರಲ್ಲ, ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿತ್ತು, ನನಗೆ ಎಚ್ಚರವಿತ್ತು. ಬಾಗಿಲಾಚೆ ನೀವು ಕೆಮ್ಮುವುದು ಕೇಳುತ್ತಿತ್ತು. ಇದ್ದಾರೆ, ಎಲ್ಲೂ ಹೋಗಿಲ್ಲ ಅಂದುಕೊಂಡು ಸುಮ್ಮನೆ ಮಲಗಿದ್ದೆ. ಹೋದ ತಿಂಗಳು ಎಷ್ಟು ಕಿವಿಗೊಟ್ಟರೂ ಹೊರಗಿನಿಂದ ಏನೂ ಕೇಳಲಿಲ್ಲ.

ಕಷಾಯ ನಾಳೆಯಿಂದಲೇ ಶುರು ಮಾಡಿ. ಗುರುವಾರ ಒಂದು ದಿನ ಮಾತ್ರ ಕುಡಿಯಬೇಡಿ.