ಹಬ್ಬದ ಬುಟ್ಟಿಯ ಮೂರನೇ ನಂಬರು

ನಮ್ಮ ವಾಡ್ಯದ ಫುಟ್‌ಬಾಲ್ ಕ್ಲಬ್ಬಿನ ಆಯ್ಕೆ ಸಮಿತಿಯ ಮಾನ್ಯ ಅಧ್ಯಕ್ಷರೇ,

ಮೂರು ದಿನದಿಂದ ಮಧ್ಯಾಹ್ನ ಊಟ ಮಾಡಿ ಕಣ್ಣು ಮುಚ್ಚಿದರೆ ಸಾಕು, ಒಂದೇ ಕನಸು. ಅಂಗಳದ ಹಗ್ಗದ ಮೇಲೆ ಹನ್ನೊಂದು ಜೆರ್ಸಿ ಒಣಗಲು ಹಾಕಿದ್ದೇನೆ, ಎಲ್ಲದರ ಬೆನ್ನಿನ ಮೇಲೂ ಮೂರು ಎಂದೇ ಇದೆ. ತಾವು ಕಾಗದವೊಂದನ್ನು ಹಿಡಿದು ಬಂದು ಒಂದೊಂದನ್ನೇ ಎಳೆದು ಕೆಸರಿಗೆ ಹಾಕುತ್ತೀರಿ. ಕೂಗಬೇಕೆಂದು ನಾನು ಬಾಯಿ ತೆರೆದರೆ ಬಾಯಿ ತುಂಬ ಸಾಬೂನಿನ ನೊರೆ. ಎದ್ದ ಮೇಲೆ ಅರ್ಧ ಗಂಟೆ ಎದೆ ಡವಡವ. ಡಾಕ್ಟರು ಇದನ್ನು ರಕ್ತದೊತ್ತಡ ಎನ್ನುತ್ತಾರೆ. ನಾನು ಆಯ್ಕೆ ಸಮಿತಿ ಎನ್ನುತ್ತೇನೆ.

ಕನಸು ಹಾಳಾಗಲಿ, ದೂರು ಹೇಳುತ್ತೇನೆ. ನಮ್ಮ ಎಡಬದಿಯ ರಕ್ಷಣೆ ಆಟಗಾರ ಲಿಗೋರಿಯೊ ‘ತನ್ನ ಜಾಗ ಬಿಟ್ಟು ಅಲೆಯುತ್ತಾನೆ, ಶಿಸ್ತಿಲ್ಲ’ ಎಂದು ತಾವು ಅವನನ್ನು ತಂಡದಿಂದ ಕೈಬಿಟ್ಟಿರಿ. ಆಧಾರ ಒಂದು ಕಾಗದ. ಆ ಕಾಗದ ಅವನದಲ್ಲ. ಬರುವ ಭಾನುವಾರ ಪೂಜೆಯಾದ ಮೇಲೆ ತಾವು ಕೊನೆಯ ಎರಡು ಪಂದ್ಯಗಳ ಪಟ್ಟಿ ಅಂಟಿಸುತ್ತೀರಿ. ಅದರಲ್ಲಿ ಹೆಸರಿಲ್ಲದಿದ್ದರೆ ಸೋಮವಾರ ಅವನು ಮುಂಬೈಗೆ ಹೋಗಿ ಹಡಗಿನ ಕೆಲಸಕ್ಕೆ ಸಹಿ ಹಾಕುತ್ತಾನೆ. ಮೂರು ಸಲ ಹಡಗಿನ ಕರೆ ಬಂದಾಗಲೂ ಈ ಕ್ಲಬ್ಬಿಗಾಗಿ ಬಿಟ್ಟವನು. ಈ ಸಲ ಪೆಟ್ಟಿಗೆ ಕಟ್ಟಿಯಾಗಿದೆ. ಮೂವತ್ತೊಂದನೇ ವಯಸ್ಸಿನಲ್ಲಿ ಹೋದವನು ಮರಳಿ ಬಂದು ಆಡುವುದುಂಟೇ?

ಬರೆಯುತ್ತಿರುವವಳು ಯಾರೆಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟಳು ಅನ್ನಬಾರದು. ಇಪ್ಪತ್ತೆರಡು ವರ್ಷದಿಂದ ಈ ತಂಡದ ಜೆರ್ಸಿ ಒಗೆಯುವವಳು ನಾನು. ಲಿಗೋರಿಯೊನ ಮಾದ್ರಿನ್, ಅಂದರೆ ಧರ್ಮತಾಯಿ ಕೂಡ ನಾನೇ. ಜ್ಞಾನಸ್ನಾನದ ದಿನ ಅವನನ್ನು ತೋಳಲ್ಲಿ ಹಿಡಿದಿದ್ದೆ. ಹಾಗಾಗಿ ಪಕ್ಷಪಾತಿ ಅನ್ನಿ, ಅಡ್ಡಿಯಿಲ್ಲ. ನಾಲ್ಕನೇ ಇಯತ್ತೆ ಅರ್ಧಕ್ಕೆ ಬಿಟ್ಟವಳು, ವ್ಯಾಕರಣ ತಪ್ಪಿದರೆ ಕ್ಷಮಿಸಿ. ಆದರೆ ಅಂಕಿ ಎಣಿಸಲು ನನಗೆ ಬರುತ್ತದೆ. ಹದಿಮೂರು ಪಂದ್ಯದಲ್ಲಿ ಹತ್ತು ಸೋಲು, ಎರಡು ಸಮ, ಒಂದು ಗೆಲುವು. ಆ ಗೆಲುವಿನ ದಿನವೂ ಎದುರು ತಂಡದ ಬಸ್ಸು ಕೆಟ್ಟು ಒಂಬತ್ತೇ ಜನ ಬಂದಿದ್ದರು. ಉಳಿದೆರಡನ್ನೂ ಸೋತರೆ ಕೆಳಗಿನ ವಿಭಾಗಕ್ಕೆ ಬೀಳುತ್ತೇವೆ. ಇದು ತಮಗೆ ಗೊತ್ತು. ಗೊತ್ತಿದ್ದೂ ತಮಗೆ ನಿದ್ದೆ ಬರುತ್ತದಲ್ಲ, ಅದೊಂದು ವರವೇ.

ಈಗ ಆ ಕಾಗದಕ್ಕೆ ಬರುತ್ತೇನೆ. ಜನವರಿಯಲ್ಲಿ ತಾವು ಪಟ್ಟಣದಿಂದ ಕಂಪ್ಯೂಟರಿನವರೊಬ್ಬರನ್ನು ಕರೆಸಿದಿರಿ. ಅವರು ಶಾಲೆಯ ಚಾವಣಿ ಹತ್ತಿ ಒಂದೇ ಒಂದು ಪಂದ್ಯದ ವಿಡಿಯೊ ತೆಗೆದರು. ಅವರಿಗೆ ನಮ್ಮ ಹುಡುಗರ ಮುಖ ಗೊತ್ತಿಲ್ಲ. ಅಷ್ಟು ಎತ್ತರದಿಂದ ಮುಖ ಕಾಣುವುದೂ ಇಲ್ಲ, ಬೆನ್ನಿನ ನಂಬರು ಕಾಣುತ್ತದೆ. ನಂಬರು ನೋಡಿ ಎಣಿಸಿದರು, ಹೆಸರಿಗೆ ಆ ದಿನದ ಆಟಗಾರರ ಪಟ್ಟಿ ನೋಡಿದರು. ಹದಿನೈದು ದಿನಕ್ಕೆ ಕಾಗದ ಬಂತು, ತಾವು ಅದನ್ನು ಕ್ಲಬ್ಬಿನ ಬಾಗಿಲಿಗೆ ಅಂಟಿಸಿದಿರಿ. ಒಂದು ದಿನ ಮೂಗು ಸೋರಿದ್ದನ್ನು ಕಂಡು ಕ್ಷಯ ಎಂದು ಚೀಟಿ ಬರೆದ ಹಾಗಾಯಿತು. ಅದೂ ಯಾರದೋ ಮೂಗು, ಯಾರದೋ ಹೆಸರಿನ ಚೀಟಿ.

ನಾನು ಮೊದಲು ಆ ಕಾಗದ ಓದಲಿಲ್ಲ. ಓದಿದವರು ಅಂಟಿಸಿದ್ದಾರೆ, ಸರಿಯೇ ಇರುತ್ತದೆ ಅಂದುಕೊಂಡೆ. ನನ್ನಂಥವರ ಜನ್ಮದ ತಪ್ಪು ಅದು. ಹೋದ ಭಾನುವಾರ ನಮ್ಮ ಪುಟ್ಟ ಇಗರ್ಜಿ ಕಪೇಲಿನ ಮುಂದಿನ ಕಲ್ಲುಕಟ್ಟೆಯ ಮೇಲೆ ಕೂತಾಗ ತಿಳಿಯಿತು. ಆ ಕಟ್ಟೆಯ ಸಭೆ ತಮ್ಮ ಸಮಿತಿಗಿಂತ ಹಳೆಯದು, ಹಾಗೂ ಅಲ್ಲಿ ಪಂದ್ಯ ನೋಡಿದವರು ಮಾತ್ರ ಮಾತಾಡುತ್ತಾರೆ. ಮೂವತ್ತು ವರ್ಷ ಹಡಗಿನಲ್ಲಿ ಅಡುಗೆ ಮಾಡಿ ಬಂದ, ಊರಿಗೆಲ್ಲ ಮಾಮನಂತಿರುವ ಜೆಫೆರಿನ್ ತಿಯೊ ಇದ್ದರು, ಮಡಗಾಂವ ಬಸ್ಸಿನ ಡ್ರೈವರ್ ಕಿಸ್ತೋದ್ ಇದ್ದ.

“ಲಿಗೋರ್‌ನ ತೆಗೆದು ಹಿಂದೆ ಮೂರೇ ಜನ ನಿಲ್ಸಿದ್ದಾರೆ,” ಎಂದರು ಜೆಫೆರಿನ್ ತಿಯೊ. “ಮೂರು ಕಾಲಿನ ಸ್ಟೂಲ್ ಮೇಲೆ ನನ್ ಹೆಂಡ್ತಿ ಕೂರಲ್ಲ. ಇವ್ರು ಇಡೀ ಊರ್‍ನ ಕೂರಿಸ್ತಾವ್ರೆ.”

“ಐದು ಜನ ನಿಲ್ಸಿದ್ರೂ ಅಷ್ಟೇ ತಿಯೊ. ಮುಂದೆ ಹೋಗೋರು ಯಾರು? ಗೋಲು ಹೊಡೆಯೋಕೂ ಹರಕೆ ಹೊರಬೇಕಾ?”

“ನೀನು ಬಸ್ ಓಡ್ಸೋನು, ನಿಂಗೆ ಮುಂದೆ ನುಗ್ಗೋದೊಂದೇ ಗೊತ್ತು. ಬ್ರೇಕ್ ಅಂತ ಒಂದಿರುತ್ತೆ, ಕೇಳಿದ್ಯಾ?”

“ಬ್ರೇಕ್ ಹಾಕೇ ಪಟ್ಟಿಯ ಕೊನೇಲಿ ನಿಂತಿದ್ದೀವಲ್ಲ ತಿಯೊ, ಇನ್ನೆಲ್ಲಿ ನಿಲ್ಸೋದು?”

“ಲಿಗೋರ್ ಇದ್ದಾಗ ಒಂದೋ ಎರಡೋ ಗೋಲು ತಿಂತಿದ್ವಿ. ಅವ್ನು ಹೋದ್ಮೇಲೆ ನಾಲ್ಕು, ಮೂರು, ಐದು. ಇದನ್ನ ಯಾವ ಕಂಪ್ಯೂಟರ್ ಎಣಿಸುತ್ತೆ?”

“ಆದ್ರೂ ತಿಯೊ, ಕಾಗದದಲ್ಲಿ ಇದೆ.” ಕಿಸ್ತೋದ್ ಫೋನಿನಲ್ಲಿ ಅದರ ಫೋಟೋ ತೆಗೆದಿಟ್ಟಿದ್ದ. “ಕೇಳಿ. ನಂಬರ್ ಮೂರು, ಲಿಗೋರಿಯೊ. ಚೆಂಡು ಕಳ್ಕೊಂಡಿದ್ದು ಹತ್ತೊಂಬತ್ತು. ಚೆಂಡು ಕಸಿದಿದ್ದು ಸೊನ್ನೆ. ಗುರಿ ತಪ್ಪಿದ ಹೊಡೆತ ಐದು. ಆಫ್‌ಸೈಡ್ ನಾಲ್ಕು.”

“ಎಷ್ಟು?”

“ನಾಲ್ಕು.”

“ಲಿಗೋರ್ ಆಫ್‌ಸೈಡಾ? ಮಾರಾಯಾ, ಅವ್ನು ಅಷ್ಟು ದೂರ ಹೋಗ್ಬೇಕಂದ್ರೆ ದಾರೀಲಿ ಒಂದ್ಕಡೆ ಕೂತು ಊಟ ಮಾಡ್ಕೊಂಡು ಹೋಗ್ಬೇಕು!”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. “ಯಾವ ದಿನದ ಪಂದ್ಯ ಅದು, ನೋಡು ಪುತಾ,” ಎಂದೆ. ಕಿಸ್ತೋದ್ ತಾರೀಖು ಓದಿದ. ಸಾಂ ಸೆಬಾಸ್ತಿಯಾಂವ್ ಹಬ್ಬದ ವಾರದ ಪಂದ್ಯ.

ತಾವು ಈ ಊರಿಗೆ ಬಂದು ಎರಡೇ ವರ್ಷ, ಆ ವಾರದ ಪದ್ಧತಿ ತಮಗೆ ಯಾರೂ ಹೇಳಿರಲಿಕ್ಕಿಲ್ಲ. ಹಬ್ಬದ ದಿನ ಜೆರ್ಸಿಗಳನ್ನೆಲ್ಲ ಒಗೆದು ಮಡಿಸಿ ಬುಟ್ಟಿಯಲ್ಲಿಟ್ಟು ಕಪೇಲಿಗೆ ಒಯ್ಯುತ್ತೇನೆ, ಪಾದ್ರಿಗಳು ಆಶೀರ್ವದಿಸುತ್ತಾರೆ. ಅದೇ ದಿನದ ಪಂದ್ಯಕ್ಕೆ ಯಾರೂ ತಮ್ಮ ನಂಬರು ಆರಿಸಿಕೊಳ್ಳುವಂತಿಲ್ಲ. ನಾನು ಬುಟ್ಟಿ ಹಿಡಿಯಬೇಕು, ಅವರು ಮುಖ ಆಚೆ ತಿರುಗಿಸಿ ಕೈಹಾಕಬೇಕು, ಬಂದದ್ದನ್ನು ತೊಡಬೇಕು. ಸಂತ ಕೊಟ್ಟದ್ದು ಎಂದು ಲೆಕ್ಕ. ಗೋಲ್‌ಕೀಪರನ ಜೆರ್ಸಿ ಮಾತ್ರ ಬುಟ್ಟಿಗೆ ಹಾಕುವುದಿಲ್ಲ, ಅಷ್ಟು ಬುದ್ಧಿ ನಮಗೂ ಇದೆ. ಪ್ರತಿ ವರ್ಷ ಮೊದಲು ಬುಟ್ಟಿ, ಆಮೇಲೆ ಆಟಗಾರರ ಪಟ್ಟಿ ಬರೆಯುವುದು. ಈ ವರ್ಷ ಆಶೀರ್ವಾದದ ಮೊದಲು ಪ್ರವಚನ ಎಳೆಯಿತು. ನಾನು ಬುಟ್ಟಿ ಹೊತ್ತು ಏದುಸಿರು ಬಿಡುತ್ತ ಮೈದಾನಕ್ಕೆ ಬರುವಷ್ಟರಲ್ಲಿ ಕ್ಲಬ್ಬಿನ ಕಾರ್ಯದರ್ಶಿಗಳು ಮಾಮೂಲಿ ನಂಬರು ಹಾಕಿ ಲೀಗಿನವರಿಗೆ ಪಟ್ಟಿ ಕೊಟ್ಟಾಗಿತ್ತು. ಅವರು ಕೊಡುವುದನ್ನು ನಾನು ಕಣ್ಣಾರೆ ಕಂಡೆ. ‘ಸ್ವಾಮಿ, ಇನ್ನೂ ಬುಟ್ಟಿ ಆಗಿಲ್ಲ’ ಎನ್ನಬೇಕಿತ್ತು, ಅನ್ನಲಿಲ್ಲ. ಬರೆಯುವವರ ಮಧ್ಯೆ ಒಗೆಯುವವಳು ಯಾಕೆ ಬಾಯಿ ಹಾಕಲಿ ಎಂದು ಸುಮ್ಮನಾದೆ. ಆ ಒಂದು ಮಾತು ನನ್ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿದೆ.

ಆ ದಿನ ಲಿಗೋರಿಯೊನ ಕೈಗೆ ಬಂದದ್ದು ಒಂಬತ್ತು. ಮೂರು ಬಂದದ್ದು ಜೊಕಿಂಗೆ, ಗೋಲು ಹೊಡೆಯಲೆಂದು ಎಲ್ಲರಿಗಿಂತ ಮುಂದೆ ನಿಲ್ಲುವವನಿಗೆ. ಒಂಬತ್ತು ಅವನ ಮಾಮೂಲಿ ನಂಬರು. ಇನ್ನು ಆ ಕಾಗದವನ್ನು ಮತ್ತೊಮ್ಮೆ ಓದಿ. ಹತ್ತೊಂಬತ್ತು ಸಲ ಚೆಂಡು ಕಳೆದದ್ದು ಎಲ್ಲಿ? ಎದುರಾಳಿಯ ಗೋಲಿನ ಮುಂದೆ. ಹಿಂದೆ ನಿಲ್ಲಬೇಕಾದವನು ಅಲ್ಲಿ ನಾಲ್ಕು ಸಲ ಆಫ್‌ಸೈಡ್ ಆಗಲು ಕಿಸ್ತೋದನ ಬಸ್ಸು ಹತ್ತಿ ಹೋದನೇ? ಒಂಬತ್ತನೇ ನಂಬರಿನ ಸಾಲು ಇನ್ನೂ ಚೆನ್ನ: ಚೆಂಡು ಕಸಿದದ್ದು ಹದಿನಾಲ್ಕು ಸಲ, ಗೋಲಿನತ್ತ ಹೊಡೆತ ಒಂದೂ ಇಲ್ಲ. ಇದನ್ನು ನೋಡಿ ತಾವು ಸಭೆಯಲ್ಲಿ ‘ನಮ್ಮ ಮುಂಚೂಣಿ ಆಟಗಾರ ರಕ್ಷಣೆಗೂ ಹೇಗೆ ದುಡಿಯುತ್ತಾನೆ ನೋಡಿ’ ಎಂದು ಜೊಕಿಂನ ತೋಳಿಗೆ ನಾಯಕನ ಪಟ್ಟಿ ಕಟ್ಟಿಸಿದಿರಿ. ಮಾನ್ಯರೇ, ನಾಲ್ಕು ವರ್ಷದಲ್ಲಿ ಜೊಕಿಂ ನಮ್ಮ ಗೋಲಿನ ಕಡೆ ಬಂದದ್ದು ಅರ್ಧ ಆಟ ಮುಗಿದು ದಿಕ್ಕು ಬದಲಾದಾಗ ಮಾತ್ರ. ಅದು ಅವನ ತಪ್ಪಲ್ಲ. ಪೊದೆರನಿಗೆ ಪಾವು ಸುಡಲು ಹೇಳಬೇಕು, ಮೀನು ಯಾಕೆ ಹಿಡಿಯಲಿಲ್ಲ ಎಂದು ಕೇಳಬಾರದು. ಜೊಕಿಂನನ್ನು ಇದಕ್ಕಾಗಿ ಕೈಬಿಟ್ಟರೆ ನಾನು ಇನ್ನೊಂದು ಕಾಗದ ಬರೆಯಬೇಕಾಗುತ್ತದೆ, ನನಗೆ ಅಷ್ಟು ಶಕ್ತಿಯಿಲ್ಲ.

ಅದೇ ಭಾನುವಾರ ಸಂಜೆ ಕಾರ್ಯದರ್ಶಿಗಳ ಮನೆಗೆ ಹೋದೆ. ಅವರು ಬಾಗಿಲಲ್ಲೇ ನಿಂತು ದನಿ ತಗ್ಗಿಸಿದರು. “ಆಂಟಿ, ನೀವು ಹೇಳೋದು ನಿಜ ಇರ್ಬಹುದು. ಆದ್ರೆ ಪಟ್ಟಿ ತಪ್ಪು ಅಂತ ಒಪ್ಕೊಂಡ್ರೆ ಲೀಗಿನವ್ರು ನಮ್ ಅಂಕ ಕಿತ್ಕೊಳ್ತಾರೆ.”

“ಆ ಪಂದ್ಯ ಎರಡು-ಸೊನ್ನೆಯಿಂದ ಸೋತಿದ್ವಲ್ಲ. ಕಿತ್ಕೊಳ್ಳೋಕೆ ಏನಿದೆ?”

ಅವರು ಬಾಗಿಲು ಪೂರ್ತಿ ತೆರೆದು, “ಒಳಗೆ ಬನ್ನಿ, ಚಾ ಕುಡೀರಿ,” ಎಂದರು. ನಾನು ಕುಡಿಯಲಿಲ್ಲ. ಆಮೇಲೆ ದಾರಿಯುದ್ದಕ್ಕೂ, ಕುಡಿಯದೆ ಬಂದದ್ದು ಅವಮಾನವಾಯಿತೋ ಏನೋ ಎಂದು ಅದೊಂದು ಚಿಂತೆ.

ಅಲ್ಲಿಂದ ಲಿಗೋರಿಯೊನ ಮನೆಗೆ. ಅವನು ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದ. ಆಟದ ಬೂಟು ಮಾತ್ರ ಪೆಟ್ಟಿಗೆಯ ಹೊರಗೇ ಇತ್ತು.

“ಆ ದಿನ ನೀನು ಒಂಬತ್ತು ಹಾಕ್ಕೊಂಡಿದ್ದೆ, ನೆನಪಿದ್ಯಾ?” ಎಂದೆ.

“ಹಬ್ಬದ ದಿನ ಯಾವ್ದು ಬಂತೋ ಅದು, ಮಾದ್ರಿನ್. ಯಾರು ನೋಡ್ತಾರೆ?”

“ಹಾಗಾದ್ರೆ ಆ ಕಾಗದ ನಿಂದಲ್ಲ ಕಣೋ!”

ಅವನು ಇನ್ನೊಂದು ಅಂಗಿ ಮಡಿಸಿ ಪೆಟ್ಟಿಗೆಗೆ ಹಾಕಿದ. “ಅಷ್ಟು ಓದಿದೋರು ಬರ್ದಿದ್ದಾರೆ. ನಾನೇ ಹಾಗೆ ಆಡಿರ್ಬೇಕು. ಈಗ ಕಾಲೂ ಮೊದಲಿನ ಹಾಗಿಲ್ಲ.”

ಇದು ನನ್ನನ್ನು ಕೊಂದಿತು, ಮಾನ್ಯರೇ. ತಾವು ಅವನನ್ನು ತಂಡದಿಂದ ತೆಗೆದದ್ದು ಒಂದು. ತಾನು ಆಡಿದ ಆಟವನ್ನೇ ಅವನು ನಂಬದ ಹಾಗೆ ಮಾಡಿದ್ದು ಇನ್ನೊಂದು. ಹದಿನಾಲ್ಕು ಸಲ ಚೆಂಡು ಕಸಿದವನು, ತನಗೆ ಕಾಲಿಲ್ಲ ಎಂದುಕೊಂಡು ಹಡಗು ಹತ್ತಬೇಕೇ? ಹೋಗುವುದಾದರೆ ಹೋಗಲಿ, ಊರಿನ ಅರ್ಧ ಗಂಡಸರು ಹೋಗಿದ್ದಾರೆ. ಆದರೆ ಬೇರೆಯವನ ಅಂಕಿಯನ್ನು ಹೊತ್ತು ಹೋಗಬಾರದು.

ಅವನು ವೇಗದವನಲ್ಲ, ಒಪ್ಪುತ್ತೇನೆ. ಬೆಳಿಗ್ಗೆ ಪಾವು ಮಾರಲು ಬರುವ ಪೊದೆರನ ಸೈಕಲ್ಲಿನ ಹಾಗೆ, ಮೊದಲು ಸದ್ದು ಬರುತ್ತದೆ, ಆಮೇಲೆ ಅವನು ಬರುತ್ತಾನೆ. ಆದರೆ ಬರುತ್ತಾನೆ. ಈಗ ಎಡಬದಿಯಲ್ಲಿ ಯಾರೂ ಬರುವುದೇ ಇಲ್ಲ. ಹೋದ ಪಂದ್ಯದ ಐದು ಗೋಲಿನಲ್ಲಿ ನಾಲ್ಕು ಆ ಕಡೆಯಿಂದಲೇ ಬಂದವು. ಹಿಂದೆ ಮೂವರು ಇರಬೇಕೋ ನಾಲ್ವರೋ ಎಂದು ಹೇಳಲು ನಾನು ಯಾರು? ಸೋತು ಬಂದ ಜೆರ್ಸಿಗಳಲ್ಲಿ ಯಾವುದು ಬೆವರಿದೆ, ಯಾವುದು ಬೆವರಿಲ್ಲ ಎಂಬುದು ಮಾತ್ರ ನನಗೆ ಗೊತ್ತು. ಅದಕ್ಕೆ ತಮ್ಮ ಕಾಗದದಲ್ಲಿ ಸಾಲಿಲ್ಲ.

ನಾನು ಕೇಳುವುದು ಹೆಚ್ಚಿಲ್ಲ. ಆ ಕಾಗದವನ್ನು ಬಾಗಿಲಿನಿಂದ ತೆಗೆಯಿರಿ. ಅದು ತಪ್ಪೆಂದು ಲಿಗೋರಿಯೊನಿಗೆ ಶನಿವಾರದೊಳಗೆ ತಾವೇ ಬಾಯಿಬಿಟ್ಟು ಹೇಳಿ, ಕಾರ್ಯದರ್ಶಿಗಳನ್ನು ಕಳಿಸಬೇಡಿ. ಆಮೇಲೆ ಭಾನುವಾರದ ಪಟ್ಟಿಯಲ್ಲಿ ಅವನ ಹೆಸರು ಹಾಕಿ. ಆಗಲೂ ಅವನು ಹಡಗನ್ನೇ ಆರಿಸಿಕೊಂಡರೆ ನಾನೇ ಅವನ ಪೆಟ್ಟಿಗೆ ಹಿಡಿದು ಸ್ಟೇಷನ್ನಿಗೆ ಹೋಗುತ್ತೇನೆ.

ಒಗೆಯುವವಳ ನೆನಪನ್ನು ನಂಬಬೇಕೆಂದೇನೂ ಇಲ್ಲ. ವಿಡಿಯೊ ತಮ್ಮ ಹತ್ತಿರವೇ ಇದೆ, ಒಂದು ಕಡೆ ಮಾತ್ರ ಮತ್ತೊಮ್ಮೆ ನೋಡಿ. ಎರಡನೇ ಅರ್ಧ ಶುರುವಾಗಲು ಸೀಟಿ ಊದುವ ಮೊದಲು ಒಂಬತ್ತನೇ ನಂಬರಿನವನು ಬಗ್ಗಿ ಹುಲ್ಲು ಮುಟ್ಟಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾನೆ. ಮುಖ ಕಾಣದಿದ್ದರೂ ಕೈ ಕಾಣುತ್ತದೆ. ನಮ್ಮ ಊರಿನಲ್ಲಿ ಅದನ್ನು ಎಡಗೈಯಲ್ಲಿ ಹಾಕಿಕೊಳ್ಳುವವನು ಒಬ್ಬನೇ. ಬಲಗೈ ಕಲಿಸಬೇಕಾಗಿದ್ದವಳು ನಾನು, ಎಷ್ಟು ಗದರಿದರೂ ಆಗಲಿಲ್ಲ, ಪಾದ್ರಿಗಳಿಂದ ಬೈಸಿಕೊಂಡದ್ದಾಯಿತು. ದಯವಿಟ್ಟು ಯಾವ ಕೈ ಎಂಬುದನ್ನಷ್ಟೇ ಇನ್ನೊಂದು ಸಲ ನೋಡಿ.

ಇಂತಿ,
ತಮ್ಮ ತಂಡದ ಸೋಲುಗಳನ್ನು ಇಪ್ಪತ್ತೆರಡು ವರ್ಷದಿಂದ ಒಗೆಯುತ್ತಿರುವ, ಕಲೆ ಹೋಗುವುದನ್ನೇ ಇನ್ನೂ ಕಾದು ಕೂತಿರುವ,
ಕ್ವಿತೇರಿಯಾ ಬರೆಟೊ